ಬಣ್ಣ ಬಿಡಿ, ದವಡೆ ನೋಡಿ

ಕೊಚ್ಚಿಯ ತೋಪ್ಪುಂಪಡಿ ಬಂದರಿನಲ್ಲಿ ಹರಾಜಿಗೆ ಬರುವ ದೊಡ್ಡ ಕೆಂಪು ಮೀನೆಲ್ಲ ಹೆಚ್ಚುಕಮ್ಮಿ ಚೆಂಪಲ್ಲಿಯೇ. ನಮ್ಮ ಕರಾವಳಿಯ ಕೆಂಬೇರಿಯೂ ಇದೇ ಬಳಗದ್ದು. ವ್ಯಾಪಾರಕ್ಕೆ ಅಷ್ಟು ಸಾಕು. ಆಳಸಮುದ್ರದಲ್ಲಿ ಗಾಳ ಇಳಿಸುವ ಹುಚ್ಚಿರುವವರಿಗೆ ಸಾಲದು. ಲುಟ್ಜಾನಿಡೇ ಎಂಬ ಈ ಕುಟುಂಬದಲ್ಲಿ 100ಕ್ಕೂ ಹೆಚ್ಚು ಜಾತಿಗಳಿವೆ.

ಬಣ್ಣವನ್ನು ನಂಬಿದರೆ ಕೆಟ್ಟೆವು. ಐಸಿನಲ್ಲಿ ಕೆಲವು ದಿನ ಬಿದ್ದಿದ್ದ ಮೀನಿನ ಪಟ್ಟೆ, ಚುಕ್ಕೆ ಮಾಸಿರುತ್ತವೆ. ಇನ್ನು ಲುಟ್ಜಾನಸ್ ಸೆಬೇ ಮರಿಯ ಮೈಮೇಲಿನ ಮೂರು ದಪ್ಪ ಪಟ್ಟೆಗಳು ಮೀನು ಬಲಿತಂತೆ ತಾವಾಗಿಯೇ ಅಳಿಸಿಹೋಗುತ್ತವೆ. ಕೊಚ್ಚಿಯ ಕೇಂದ್ರ ಸಮುದ್ರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯ (ಸಿಎಂಎಫ್‌ಆರ್‌ಐ) ಮ್ಯೂಸಿಯಂಗೆ ಹೋಗಿ ಜಾಡಿಯೊಳಗಿನ ಬಿಳಿಚಿದ ಮೀನು ನೋಡಿ ಕಲಿಯುವುದೇ ಒಳ್ಳೆಯದು ಎನ್ನುತ್ತೇನೆ. ಅಲ್ಲಿ ಕಣ್ಣು ತಪ್ಪಿಸಲು ಬಣ್ಣವೇ ಇರುವುದಿಲ್ಲ.

ಮೊದಲು ಬೆನ್ನಿನ ರೆಕ್ಕೆಯ ಹಿಂಭಾಗದ ಬುಡ ಸವರಿ. ಹುರುಪೆ ಕೈಗೆ ಸಿಕ್ಕರೆ ಅದು ಲುಟ್ಜಾನಸ್. ಬುಡ ಬೋಳಾಗಿದ್ದು, ರೆಕ್ಕೆಯ ಕೊನೆಯ ಕಡ್ಡಿ ಉದ್ದಕ್ಕೆ ಚಾಚಿದ್ದರೆ ಸಾಮಾನ್ಯವಾಗಿ ಪ್ರಿಸ್ಟಿಪೊಮೊಯ್ಡಿಸ್. ತಿರುವನಂತಪುರದ ವಿಳಿಂಜಂನಿಂದ ತೆಂಕಕ್ಕೆ, ಕನ್ಯಾಕುಮಾರಿಯಾಚೆಯ ವಾಡ್ಜ್ ಬ್ಯಾಂಕ್ ಕಡೆಯ ಬಂಡೆನೆಲದ ಮೀನು ಅದು.

ಲುಟ್ಜಾನಸ್‌ಗಳಲ್ಲಿ ನಿಜವಾಗಿ ತಲೆ ತಿನ್ನುವ ಜೋಡಿ ಮಲಬಾರಿಕಸ್ ಮತ್ತು ಎರಿತ್ರಾಪ್ಟೆರಸ್. ಎರಡೂ ಕಡುಗೆಂಪು, ಮೈಕಟ್ಟೂ ಒಂದೇ. ಒಂದು ದಾರ ತೆಗೆದುಕೊಳ್ಳಿ. ಮೇಲ್ದವಡೆಯ ಉದ್ದ ಅಳೆದು, ಅದೇ ದಾರವನ್ನು ಬಾಲದ ಹತ್ತಿರ ಬೆನ್ನಿನ ರೆಕ್ಕೆಯ ಕೊನೆಯ ಕಡ್ಡಿಯ ಬುಡದಿಂದ ಕೆಳಗಿನ ಗುದರೆಕ್ಕೆಯ ಕೊನೆಯ ಕಡ್ಡಿಯ ಬುಡಕ್ಕೆ ಹಿಡಿಯಿರಿ. ದಾರ ಮಿಕ್ಕಿದರೆ ದೊಡ್ಡ ಬಾಯಿಯ ಮಲಬಾರಿಕಸ್, ಮಿಗದಿದ್ದರೆ ಎರಿತ್ರಾಪ್ಟೆರಸ್. ನೀಲಿ ಗೆರೆಯ ಪುಟ್ಟ ಮೀನುಗಳಲ್ಲಿ ಬೆನ್ನಿನ ಮುಳ್ಳು ಎಣಿಸಬೇಕು: ಕಾಸ್ಮಿರಾಕ್ಕೆ 10, ಬೆಂಗಾಲೆನ್ಸಿಸ್‌ಗೆ 11.

ಇಷ್ಟೆಲ್ಲ ಯಾಕೆ, ಸಾರಿಗೆ ಬಿದ್ದರೆ ಎಲ್ಲ ಒಂದೇ ಅಲ್ಲವೇ ಎನ್ನುವವರಿಗೆ ಲುಟ್ಜಾನಸ್ ಬೋಹಾರ್ ತೋರಿಸಬೇಕು. ಹವಳದ ಬಂಡೆಗಳ ಸೂಕ್ಷ್ಮಜೀವಿಯೊಂದು ತಯಾರಿಸುವ ಸಿಗ್ವಾಟೆರಾ ವಿಷ ಸಣ್ಣ ಮೀನುಗಳ ಮೂಲಕ ಇದರ ಮೈ ಸೇರಬಲ್ಲದು. ಕುದಿಸಿದರೂ ಹೋಗದು, ಐಸಿನಲ್ಲಿಟ್ಟರೂ ಹೋಗದು. 2016ರಲ್ಲಿ ಮಂಗಳೂರಿನಲ್ಲಿ ಕೆಂಪು ಮೀನಿನ ತಲೆ ತಿಂದು ಹಲವರು ಆಸ್ಪತ್ರೆ ಸೇರಿದಾಗ ಶಂಕೆ ಇದೇ ವಿಷದ ಮೇಲಿತ್ತು. ಮರುವರ್ಷ ಕೊಚ್ಚಿಯ ಕೇಂದ್ರ ಮೀನುಗಾರಿಕೆ ತಂತ್ರಜ್ಞಾನ ಸಂಸ್ಥೆಯ (ಸಿಐಎಫ್‌ಟಿ) ವಿಜ್ಞಾನಿಗಳು ಬೋಹಾರ್ ಮೀನಿನಲ್ಲಿ ಈ ವಿಷವಿರುವುದನ್ನು ಇಲಿಗಳ ಮೇಲಿನ ಪರೀಕ್ಷೆಯಿಂದ ಖಚಿತಪಡಿಸಿದರು.

ಬೋಹಾರ್ ಮರಿಯ ಬೆನ್ನಮೇಲೆ ಬೆಳ್ಳಿಚುಕ್ಕೆ ಇರುತ್ತದೆ, ದೊಡ್ಡದರಲ್ಲಿ ಅದನ್ನು ಹುಡುಕಬೇಡಿ. ಮೂಗಿನ ಹೊಳ್ಳೆಯಿಂದ ಕಣ್ಣಿನ ಕಡೆಗೆ ಆಳವಾದ ತೋಡು ಇದ್ದರೆ ಅದೇ. ತಲೆ ಕಡಿದು ತುಂಡು ಹಾಕಿಟ್ಟ ಮೀನಿನಲ್ಲಿ ಈ ತೋಡೂ ಇಲ್ಲ, ದವಡೆಯೂ ಇಲ್ಲ. ಹಾಗೆ ಮಾರುವ ‘ರೆಡ್ ಸ್ನ್ಯಾಪರ್’ ಎಷ್ಟೇ ಅಗ್ಗವಾಗಿರಲಿ, ನಾನು ಕೊಳ್ಳುವುದಿಲ್ಲ.