ಹೆದ್ದಾರಿ ಬದಿಯಿಂದ ಒಂದು ಕರೆ

ರಾತ್ರಿ ಒಂಬತ್ತರ ಹೊತ್ತು, ಬೈಕೊಂದು ಬಿದ್ದಿದೆ. ಕಂಡವರು ಯಾರೇ ಆಗಲಿ, 2008ರಿಂದ ನಮ್ಮ ರಾಜ್ಯದಲ್ಲಿರುವ 108 ಆಂಬುಲೆನ್ಸ್ ಸೇವೆಗೆ ಫೋನ್ ಮಾಡಿದಾಗ ಮಾತು ಹೀಗಿರಲಿ ಎಂಬುದು ನನ್ನ ಆಸೆ.

“ಸಾರ್, ಬೆಳ್ಳೂರು ಕ್ರಾಸ್ ದಾಟಿ ಎರಡು ಕಿಲೋಮೀಟರ್, ಹಾಸನಕ್ಕೆ ಹೋಗೋ ಸೈಡು. ನಾಗಮಂಗಲ ತಾಲ್ಲೂಕು, ಮಂಡ್ಯ ಜಿಲ್ಲೆ.”

‘ಬೇಗ ಬನ್ನಿ’ಗಿಂತ ಮೊದಲು ಜಾಗ ಬಂದಿದೆ. ನೆಟ್‌ವರ್ಕ್ ಹೋಗಿ ಕರೆ ಕಡಿದರೂ ಇಷ್ಟು ತಲುಪಿದ್ದರೆ ಗಾಡಿ ಹೊರಡಬಹುದು. ಫೋನ್ ಎತ್ತಿದವರು ದೂರದಲ್ಲೆಲ್ಲೋ ಕುಳಿತಿರುತ್ತಾರೆ, ನಮ್ಮ ಅರಳಿಕಟ್ಟೆ, ಹಾಲಿನ ಡೈರಿ ಅವರಿಗೆ ಗೊತ್ತಿಲ್ಲ. ಹೊಸಹಳ್ಳಿ ಎಂಬ ಊರುಗಳೇ ರಾಜ್ಯದಲ್ಲಿ ಎಷ್ಟಿಲ್ಲ! ಅದಕ್ಕೇ ತಾಲ್ಲೂಕು, ಜಿಲ್ಲೆ. ‘ಹಾಸನಕ್ಕೆ ಹೋಗೋ ಸೈಡು’ ಈ ಸಾಲಿನ ಜೀವ. ಡಿವೈಡರ್ ಇರುವ ರಸ್ತೆಯಲ್ಲಿ ಆಂಬುಲೆನ್ಸ್ ಎದುರು ಬದಿಗೆ ಬಂದರೆ, ಗಾಯಾಳು ಕಣ್ಣೆದುರೇ ಇದ್ದರೂ ಮುಂದಿನ ಯೂ-ಟರ್ನ್‌ವರೆಗೆ ಹೋಗಿ ಬರಬೇಕು. ಗೊತ್ತಿಲ್ಲದ ಜಾಗವಾದರೆ ಮೊಬೈಲ್ ಟಾರ್ಚ್ ಹಾಕಿ ಕಿಲೋಮೀಟರ್ ಕಲ್ಲು ಹುಡುಕಿ. ನೆತ್ತಿ ಹಳದಿಯಿದ್ದರೆ ರಾಷ್ಟ್ರೀಯ ಹೆದ್ದಾರಿ, ಹಸಿರಿದ್ದರೆ ರಾಜ್ಯ ಹೆದ್ದಾರಿ. ಅದರ ಮೇಲಿನ ಊರು, ಅಂಕಿ ಓದಿ ಹೇಳಿ.

“ಇಬ್ಬರು ಬಿದ್ದಿದ್ದಾರೆ. ಒಬ್ಬರಿಗೆ ಎಚ್ಚರ ಇಲ್ಲ, ಉಸಿರಾಡ್ತಿದ್ದಾರೆ.”

ಪೆಟ್ಟಿಗೆ ಹೆಸರಿಡುವ ಕೆಲಸ ನಮ್ಮದಲ್ಲ, ಕಂಡಷ್ಟು ಹೇಳಿದರಾಯಿತು. ಇವರು ಬಗ್ಗಿ, ಎದೆ ಏರಿಳಿಯುವುದನ್ನು ನೋಡಿಯೇ ಹೇಳುತ್ತಿದ್ದಾರೆ. ದಯವಿಟ್ಟು ನೀರು ಕುಡಿಸಬೇಡಿ. ಎಚ್ಚರವಿಲ್ಲದವರ ಬಾಯಿಗೆ ಹಾಕಿದ ನೀರು ಶ್ವಾಸಕೋಶಕ್ಕೆ ಇಳಿಯಬಹುದು.

“ಪೆಟ್ರೋಲ್ ಸೋರ್ತಿಲ್ಲ.”

ಸೋರುತ್ತಿದ್ದರೆ 112. ಪೊಲೀಸ್, ಅಗ್ನಿಶಾಮಕ, ಆಂಬುಲೆನ್ಸ್ ಮೂರಕ್ಕೂ ಅದೇ ನಂಬರ್.

“ನನ್ನ ಹೆಸರು ಹೇಳ್ಲೇಬೇಕಾ, ಸಾರ್?”

ಕೋರ್ಟು ಕಚೇರಿ ಅಲೆಯಬೇಕಾದೀತೆಂಬ ಈ ಅಳುಕಿಗೆ ಜನ ನೋಡಿಯೂ ನೋಡದಂತೆ ಹೋಗುವುದು ನನ್ನನ್ನು ತುಂಬ ಕಾಡುತ್ತದೆ. ಮೋಟಾರು ವಾಹನ ಕಾಯ್ದೆಗೆ 2019ರ ತಿದ್ದುಪಡಿಯಲ್ಲಿ ಸೇರಿದ 134ಎ ಕಲಂ ನೆರವಿಗೆ ನಿಂತವರನ್ನು ಕಾಯುತ್ತದೆ. ಹೆಸರು ಹೇಳಿ ಎಂದು ಯಾರೂ ಬಲವಂತ ಮಾಡುವಂತಿಲ್ಲ.

“ಸರಿ ಸಾರ್, ನೀವು ಹೇಳೋವರೆಗೂ ಕಟ್ ಮಾಡಲ್ಲ.”

ಪ್ರಶ್ನೆಗಳು ತಾಳ್ಮೆ ಕೆಡಿಸುತ್ತವೆ, ನಿಜ. ಆದರೆ ಬರುವವರು ಸಜ್ಜಾಗುವುದು ಆ ಉತ್ತರಗಳಿಂದಲೇ.

“ರಸ್ತೆ ಬದಿ ನಿಂತು ಟಾರ್ಚ್ ಬೀಸ್ತಿರ್ತೀನಿ.”

ಇನ್ನು ಮನೆಗೆ, ಗೆಳೆಯರಿಗೆ ಫೋನ್ ಬೇಡ. ಡ್ರೈವರ್ ಇದೇ ನಂಬರಿಗೆ ಕರೆ ಮಾಡುತ್ತಾರೆ, ಲೈನ್ ಖಾಲಿ ಇರಲಿ. ಗಾಯಾಳುವಿನ ಪಕ್ಕ ಒಬ್ಬರು ಕೂರಲಿ, ಟಾರ್ಚ್ ಇನ್ನೊಬ್ಬರ ಕೈಗೆ ಕೊಡಿ.