ತೆರೆದ ನಾಳ, ಮಾಯದ ಗಾಯ

ಆಸ್ಪತ್ರೆಯಿಂದ ಮನೆಗೆ ಬಂದವರನ್ನು ನೋಡಲು ಹೋದಾಗ ಕಿವಿಗೆ ಬೀಳುವ ಮಾತು, "ಬ್ಲಾಕ್ ತೆಗೆದು ಸ್ಟೆಂಟ್ ಹಾಕಿದ್ದಾರೆ." ನಿಜವಾಗಿ ಬ್ಲಾಕನ್ನು ಯಾರೂ ತೆಗೆದಿರುವುದಿಲ್ಲ. ಬಲೂನು ಉಬ್ಬಿಸಿ ಅದನ್ನು ಹೃದಯದ ರಕ್ತನಾಳದ ಗೋಡೆಗೆ ಒತ್ತಿ, ಮತ್ತೆ ಮುಚ್ಚಿಕೊಳ್ಳದಂತೆ ಲೋಹದ ಬಲೆಯನ್ನು ಆನಿಸಿರುತ್ತಾರೆ. ಆ ಒತ್ತಡಕ್ಕೆ ನಾಳದ ಒಳಪದರ, ಒಂದೇ ಜೀವಕೋಶದಷ್ಟು ತೆಳ್ಳಗಿನ ಎಂಡೋಥೀಲಿಯಂ, ಕಿತ್ತುಹೋಗುತ್ತದೆ. ರಕ್ತ ಹೆಪ್ಪುಗಟ್ಟದೆ ಹರಿದುಹೋಗುವಂತೆ ನೋಡಿಕೊಳ್ಳುತ್ತಿದ್ದುದೇ ಆ ಪದರ. ಹಾಗಾಗಿ ಸ್ಟೆಂಟನ್ನು ತೂಗುವಾಗ ನಾಳ ಎಷ್ಟು ತೆರೆಯಿತು ಎನ್ನುವಲ್ಲಿಗೇ ನಿಲ್ಲದೆ, ಗಾಯ ಹೇಗೆ ಮಾಯಿತು ಎಂದೂ ಕೇಳಬೇಕು. ಈ ಎರಡನೆಯ ಪ್ರಶ್ನೆಯನ್ನು ಹೃದ್ರೋಗ ವೈದ್ಯಕೀಯ ತೀರಾ ತಡವಾಗಿ ಕೇಳಿತು ಎಂಬುದು ನನ್ನ ದೂರು.

1986ರಲ್ಲಿ ಫ್ರಾನ್ಸಿನ ಟೂಲೂಸ್‌ನಲ್ಲಿ ಜಾಕ್ ಪ್ಯುಯೆಲ್, ಸ್ವಿಟ್ಜರ್ಲೆಂಡಿನ ಲೊಸಾನ್‌ನಲ್ಲಿ ಉಲ್ರಿಚ್ ಸಿಗ್ವಾರ್ಟ್ ಮೊದಲ ಸ್ಟೆಂಟ್‌ಗಳನ್ನು ಹಾಕಿದರು. ಮದ್ದಿನ ಲೇಪವಿಲ್ಲದ ಬರಿ ಲೋಹ. ದೇಹ ಕೆಲವೇ ತಿಂಗಳಲ್ಲಿ ಅದರ ಮೇಲೆ ಹೊಸ ಪದರ ಹೊದಿಸಿತು. ಆದರೆ ಎಷ್ಟೋ ಜನರಲ್ಲಿ ಬೆಳವಣಿಗೆ ಅಲ್ಲಿಗೆ ನಿಲ್ಲಲಿಲ್ಲ. ಗೋಡೆಯ ಸ್ನಾಯುಕೋಶಗಳು ಬೆಳೆಯುತ್ತಲೇ ಹೋಗಿ ನಾಳ ಮತ್ತೆ ಕಿರಿದಾಯಿತು.

ಇದಕ್ಕೆ ಮದ್ದು ಸಿಕ್ಕಿದ್ದು ಈಸ್ಟರ್ ದ್ವೀಪದ ಮಣ್ಣಿನ ಸೂಕ್ಷ್ಮಜೀವಿಯೊಂದರಲ್ಲಿ. ಅದರಿಂದ ಪಡೆದ ಸಿರೋಲಿಮಸ್ಸನ್ನು ಪಾಲಿಮರ್‌ನಲ್ಲಿ ಬೆರೆಸಿ ಸ್ಟೆಂಟಿಗೆ ಲೇಪಿಸಿದರು. 2002ರಲ್ಲಿ ಪ್ರಕಟವಾದ ರಾವೆಲ್ ಅಧ್ಯಯನದಲ್ಲಿ, ಆರು ತಿಂಗಳ ನಂತರ ಬರಿ ಲೋಹದವರಲ್ಲಿ ಶೇ. 26.6 ಮಂದಿಗೆ ನಾಳ ಮತ್ತೆ ಕಿರಿದಾಗಿತ್ತು. ಸಿರೋಲಿಮಸ್ ಪಡೆದವರಲ್ಲಿ ಸೊನ್ನೆ. ಆ ಸೊನ್ನೆ ಎಲ್ಲರನ್ನೂ ಮರುಳುಮಾಡಿತು. ಮದ್ದಿನ ಕೆಲಸ ಕೋಶಗಳ ವಿಭಜನೆಯನ್ನು ತಡೆಯುವುದು. ತಡೆಯಬೇಕಾದ ಸ್ನಾಯುಕೋಶ ಯಾವುದು, ಬೆಳೆಯಬಿಡಬೇಕಾದ ಒಳಪದರ ಯಾವುದು ಎಂಬ ಭೇದ ಅದಕ್ಕೆ ತಿಳಿಯದು. ಆಂಜಿಯೋಗ್ರಾಮ್ ತೋರಿಸುವುದು ದಾರಿಯ ಅಗಲವನ್ನು ಮಾತ್ರ. ಅಗಲವಾಗಿ ಕಂಡ ನಾಳದ ಗೋಡೆ ಇನ್ನೂ ಹಸಿಗಾಯವಾಗಿಯೇ ಇರಬಹುದು.

ಅದನ್ನು ಕಂಡದ್ದು ಸೂಕ್ಷ್ಮದರ್ಶಕ. ದೆಹಲಿಯಲ್ಲಿ ವೈದ್ಯಕೀಯ ಓದಿ ಅಮೆರಿಕದಲ್ಲಿ ಹೃದಯದ ರೋಗಶಾಸ್ತ್ರಜ್ಞೆಯಾದ ರೇಣು ವಿರ್ಮಾನಿ ಮತ್ತು ಸಂಗಡಿಗರು, ಸ್ಟೆಂಟ್ ಹಾಕಿಸಿಕೊಂಡು ತೀರಿಕೊಂಡವರ ನಾಳಗಳನ್ನು ಅಡ್ಡಕ್ಕೆ ಕೊಯ್ದು ನೋಡಿದರು. ಗಾಜಿನ ಮೇಲೆ ಅದೊಂದು ಉಂಗುರ. ಅದರ ಒಳ ಅಂಚಿಗೆ ಸಾಲಾಗಿ ಕಪ್ಪು ಚೌಕಗಳು, ಅವೇ ಸ್ಟೆಂಟಿನ ಕಂಬಿಗಳು. ಮಾಯ್ದ ನಾಳದಲ್ಲಿ ಪ್ರತಿ ಚೌಕವೂ ಅಂಗಾಂಶದೊಳಗೆ ಹುದುಗಿರುತ್ತದೆ. ಮದ್ದಿನ ಸ್ಟೆಂಟುಗಳಲ್ಲಿ ಎಷ್ಟೋ ಕಂಬಿಗಳ ಸುತ್ತ ಹೆಪ್ಪಿನ ನಾರಾದ ಫೈಬ್ರಿನ್ ಕರಗದೆ ಉಳಿದಿತ್ತು. ಮೇಲ್ಮೈ ಬೆತ್ತಲೆಯಾಗಿ ರಕ್ತಕ್ಕೆ ಒಡ್ಡಿಕೊಂಡಿತ್ತು. 2006ರ ಅವರ ವರದಿಯಲ್ಲಿ ಒಳಪದರ ಬರಿ ಲೋಹದ ಮೇಲೆ ಸುಮಾರು ಶೇ. 90ರಷ್ಟು ಬೆಳೆದಿದ್ದರೆ, ಮದ್ದಿನ ಸ್ಟೆಂಟಿನ ಮೇಲೆ ಶೇ. 56ರಷ್ಟು ಮಾತ್ರ. ಸತ್ತವರನ್ನಷ್ಟೇ ನೋಡಿದ ಲೆಕ್ಕವಿದು, ಬದುಕಿರುವ ಲಕ್ಷಾಂತರ ಜನರಿಗೆ ಹಾಗೆಯೇ ಅನ್ವಯಿಸದು ಎಂಬ ಆಕ್ಷೇಪ ಸರಿಯೇ. ಆದರೂ ಹೋಲಿಸಿದ ಎರಡು ಗುಂಪೂ ಸತ್ತವರದೇ ಆದ್ದರಿಂದ ಅವುಗಳ ನಡುವಿನ ಅಂತರವನ್ನು ತಳ್ಳಿಹಾಕಲಾಗದು. ಸಾವಿನ ನಂತರದ ಈ ಕೆಲಸವೇ ಬದುಕಿರುವವರನ್ನು ಎಚ್ಚರಿಸಿತು. ಸ್ಟೆಂಟಿನ ಚರಿತ್ರೆಯಲ್ಲಿ ಇದಕ್ಕಿಂತ ಪ್ರಾಮಾಣಿಕವಾದ ಕೆಲಸವನ್ನು ನಾನು ಕಂಡಿಲ್ಲ.

ಈಗ ಬದುಕಿರುವವರ ನಾಳದೊಳಗೇ ಬೆಳಕು ಹಾಯಿಸಿ ನೋಡುವ ಓಸಿಟಿ ಇದೆ. ಕಂಬಿ ಮುಚ್ಚಿದೆಯೇ ಎಂದು ಅದು ಹೇಳುತ್ತದೆ. ಆದರೆ ಸುಮಾರು 10 ಮೈಕ್ರಾನ್‌ಗಿಂತ ಸಣ್ಣದು ಅದರ ಕಣ್ಣಿಗೆ ಬೀಳದು. ಒಳಪದರದ ಒಂದು ಕೋಶ ಅದಕ್ಕಿಂತ ತೆಳು. ಮುಚ್ಚಿದ್ದು ಫೈಬ್ರಿನ್ನೋ ಆರೋಗ್ಯವಂತ ಎಂಡೋಥೀಲಿಯಮ್ಮೋ ಎಂದು ಖಚಿತವಾಗಿ ಹೇಳುವುದು ಕಷ್ಟ. 'ಮುಚ್ಚಿದೆ' ಎನ್ನುವುದನ್ನು 'ಮಾಯಿದೆ' ಎಂದು ಬರೆದುಕೊಂಡರೆ ಆಂಜಿಯೋಗ್ರಾಮ್ ನೋಡಿ ಮಾಡಿದ ತಪ್ಪನ್ನೇ ಮತ್ತೆ ಮಾಡಿದಂತೆ.

ಎರಡನೆಯ ತಲೆಮಾರಿನ ಎವೆರೋಲಿಮಸ್ ಸ್ಟೆಂಟಿನಲ್ಲಿ ಕಂಬಿ 140 ಮೈಕ್ರಾನಿನಿಂದ 81ಕ್ಕೆ, ಹೆಚ್ಚುಕಡಿಮೆ ತಲೆಗೂದಲಿನಷ್ಟಕ್ಕೆ ಇಳಿಯಿತು, ಪಾಲಿಮರೂ ಸೌಮ್ಯವಾಯಿತು. ಇಂದು ನನ್ನ ಮೆಚ್ಚುಗೆ ಇದಕ್ಕೇ. ಬೇಗ ಮಾಯುತ್ತದೆಂಬ ಹೆಸರಿದ್ದ ಬರಿ ಲೋಹದ ಪಕ್ಷವನ್ನು 2015ರ ಲೀಡರ್ಸ್ ಫ್ರೀ ಅಧ್ಯಯನ ಬಹುಮಟ್ಟಿಗೆ ಕೆಡವಿತು: ರಕ್ತಸ್ರಾವದ ಅಪಾಯವಿದ್ದು ರಕ್ತ ಹೆಪ್ಪುಗಟ್ಟದಂತೆ ಕೊಡುವ ಜೋಡಿ ಮಾತ್ರೆಯನ್ನು ಒಂದೇ ತಿಂಗಳು ತೆಗೆದುಕೊಂಡವರಲ್ಲೂ, ಪಾಲಿಮರ್ ಇಲ್ಲದೆ ಮದ್ದು ಲೇಪಿಸಿದ ಸ್ಟೆಂಟೇ ಮೇಲಾಗಿತ್ತು. ಕರಗಿಹೋಗುವ ಅಬ್ಸಾರ್ಬ್ ಸ್ಟೆಂಟ್ ಮಾತ್ರ ದೊಡ್ಡ ನಿರಾಸೆ. ಲೋಹವೇ ಉಳಿಯದ ನಾಳ ಎಂಬ ಕಲ್ಪನೆ ಸೊಗಸಾಗಿತ್ತು. ಕಂಬಿ ಮಾತ್ರ 157 ಮೈಕ್ರಾನ್. 2017ರ ಐಡಾ ಅಧ್ಯಯನದಲ್ಲಿ ಎರಡು ವರ್ಷಗಳಲ್ಲಿ ಹೆಪ್ಪುಗಟ್ಟಿದ್ದು ಶೇ. 3.5ರಷ್ಟು, ಎವೆರೋಲಿಮಸ್ ಲೋಹದ ಸ್ಟೆಂಟಿನಲ್ಲಿ ಶೇ. 0.9. ಅದೇ ವರ್ಷದ ಫೆಬ್ರುವರಿಯಲ್ಲಿ ಭಾರತ ಸರ್ಕಾರ ಬೆಲೆ ಮಿತಿ ಹಾಕಿದಾಗ ಕರಗುವ ಸ್ಟೆಂಟನ್ನೂ ಮದ್ದಿನ ಲೋಹದ ಸ್ಟೆಂಟನ್ನೂ ₹29,600ರ ಒಂದೇ ಸಾಲಿನಲ್ಲಿ ಇರಿಸಿತು. ಅದಕ್ಕೂ ಮೊದಲು ಹೆಚ್ಚು ದುಡ್ಡು ಕೇಳಿದ್ದ ಕರಗುವ ಸ್ಟೆಂಟು ಹೆಚ್ಚು ಒಳ್ಳೆಯದಲ್ಲ ಎಂಬುದು ಏಳೇ ತಿಂಗಳಲ್ಲಿ, ಅಬ್ಸಾರ್ಬ್ ಮಾರಾಟ ನಿಂತಾಗ, ಸ್ಪಷ್ಟವಾಯಿತು.

ಕಂಬಿಗಳು ಮುಚ್ಚಿಕೊಳ್ಳುವ ತನಕ ಕಾವಲಿರುವುದು ಆಸ್ಪಿರಿನ್ ಮತ್ತು ಅದರ ಜೊತೆಗಿನ ಎರಡನೆಯ ಮಾತ್ರೆ. ನಮ್ಮ ಬೀದಿಯ ಹಿರಿಯರೊಬ್ಬರು ಸ್ಟೆಂಟ್ ಹಾಕಿಸಿಕೊಂಡ ಎರಡನೆಯ ತಿಂಗಳಲ್ಲಿ, ಹಲ್ಲು ಕೀಳಿಸಬೇಕೆಂದು ಎರಡನ್ನೂ ತಾವಾಗಿಯೇ ನಿಲ್ಲಿಸಿದ್ದರು. ಗೊತ್ತಾದ ಕೂಡಲೇ ಅವರ ಫೈಲು ತೆರೆಸಿ ನೋಡಿದೆ. ಸ್ಟೆಂಟಿನ ಸ್ಟಿಕ್ಕರ್ ನೀಟಾಗಿ ಅಂಟಿಸಿತ್ತು, ಉದ್ದ, ವ್ಯಾಸ, ನಂಬರು ಎಲ್ಲ ಇತ್ತು. ಹೃದಯದ ಡಾಕ್ಟರನ್ನು ಕೇಳದೆ ಮಾತ್ರೆ ಬಿಡಬೇಡಿ, ಒಳಗೆ ಗಾಯ ಇನ್ನೂ ಮಾಯಿಲ್ಲ ಎಂದು ಅವರು ಓದಬಲ್ಲ ಕನ್ನಡದಲ್ಲಿ ಒಂದು ಸಾಲೂ ಇರಲಿಲ್ಲ.