ಮಣ್ಣಿನ ವರದಿಯ ನಾಲ್ಕು ಸಾಲು

ಮಣ್ಣನ್ನು ವಿಕಿರಣ ಪರೀಕ್ಷೆಗೆ ಕೊಟ್ಟರೆ ಬರುವ ವರದಿಯ ಸಾಲುಗಳು ಹೆಚ್ಚುಕಡಿಮೆ ಹೀಗಿರುತ್ತವೆ. ಯಾವ ಊರಿನ ಮೇಲೂ ಅನುಮಾನ ಬಾರದಿರಲೆಂದು, ವಿಶ್ವಸಂಸ್ಥೆಯ ವಿಕಿರಣ ಸಮಿತಿ 2000ರಲ್ಲಿ ಜಗತ್ತಿನ ಮಣ್ಣಿಗೆ ಕೊಟ್ಟ ನಡುಮಟ್ಟದ ಅಂಕಿಗಳನ್ನೇ ಇಲ್ಲಿ ಇಟ್ಟುಕೊಂಡಿದ್ದೇನೆ.

“ಮಾದರಿಯನ್ನು ಒಣಗಿಸಿ, ಜರಡಿ ಹಿಡಿದು, ಗಾಳಿಯಾಡದಂತೆ ಮುಚ್ಚಿ ಒಂದು ತಿಂಗಳು ಇಡಲಾಗಿದೆ.”

ಲೆಕ್ಕ ಕಿಲೋಗೆ, ನೀರಿನ ತೂಕ ಸೇರಿದರೆ ಅಂಕಿ ಸುಳ್ಳಾಗುತ್ತದೆ, ಅದಕ್ಕೇ ಒಣಗಿಸುವುದು. ಈ ಸಾಲಿನ ಜೀವ ಇರುವುದು ‘ಮುಚ್ಚಿ’ ಎಂಬಲ್ಲಿ. ರೇಡಿಯಂ ಎಷ್ಟಿದೆಯೆಂದು ತಿಳಿಯಲು ಸಾಮಾನ್ಯವಾಗಿ ಅದರ ಸಂತತಿಯಾದ ಸೀಸ-214, ಬಿಸ್ಮತ್-214 ಸೂಸುವ ಗಾಮಾ ಕಿರಣಗಳನ್ನು ಎಣಿಸುತ್ತಾರೆ. ತಾಯಿಗೂ ಈ ಮಕ್ಕಳಿಗೂ ನಡುವಿನ ತಲೆಮಾರು ರೇಡಾನ್, ಅದು ಅನಿಲ. ಮುಚ್ಚಳ ಸಡಿಲವಿದ್ದರೆ ಹಾರಿಹೋಗುತ್ತದೆ, ಮಣ್ಣು ಇರುವುದಕ್ಕಿಂತ ಸಾಧುವಾಗಿ ಕಾಣುತ್ತದೆ. ರೇಡಾನ್‌ನ ಅರ್ಧಾಯುಷ್ಯ 3.8 ದಿನ. ತಿಂಗಳು ಕಳೆಯುವಷ್ಟರಲ್ಲಿ ಹುಟ್ಟಿದಷ್ಟೇ ಅಳಿಯುವ ಸ್ಥಿತಿ ಬಂದಿರುತ್ತದೆ. ಆಮೇಲೆ ಡಬ್ಬಿಯನ್ನು ದಪ್ಪ ಸೀಸದ ಗೂಡಿನೊಳಗೆ, ದ್ರವ ಸಾರಜನಕದಿಂದ ತಣಿಸಿದ ಜರ್ಮೇನಿಯಂ ಶೋಧಕದ ಬಳಿ ಇಡುತ್ತಾರೆ. ಈ ಒಂದು ತಿಂಗಳು ಕಾಯದ ವರದಿಯ ರೇಡಿಯಂ ಅಂಕಿಯನ್ನು ನಾನು ನಂಬುವುದಿಲ್ಲ.

“ಕಿಲೋಗೆ ರೇಡಿಯಂ-226: 35, ಥೋರಿಯಂ-232: 30, ಪೊಟ್ಯಾಸಿಯಂ-40: 400 ಬೆಕೆರೆಲ್.”

ಸೆಕೆಂಡಿಗೆ ಒಂದು ಪರಮಾಣು ಬೀಜ ಕ್ಷಯಿಸಿದರೆ ಒಂದು ಬೆಕೆರೆಲ್. 400 ಕಂಡು ಬೆಚ್ಚುವುದು ಬೇಡ; ಬಾಳೆಹಣ್ಣಿನಲ್ಲೂ ನಮ್ಮ ಸ್ನಾಯುಗಳಲ್ಲೂ ಇದೇ ಪೊಟ್ಯಾಸಿಯಂ ಇದೆ.

ಥೋರಿಯಂನದು ದೊಡ್ಡ ಕಥೆ. ಕೇರಳದ ಚವರ, ನೀಂಡಕರ ತೀರದ ಕರಿಮರಳಿನಲ್ಲಿ ಅದನ್ನು ಹೊತ್ತ ಮೊನಜೈಟ್ ಕಾಳುಗಳಿವೆ. 1909ರಲ್ಲಿ ಜರ್ಮನಿಯ ರಸಾಯನ ವಿಜ್ಞಾನಿ ಶೋಂಬರ್ಗ್ ಈ ಮೊನಜೈಟನ್ನು ಗುರುತಿಸಿದ್ದು, ತಿರುವಾಂಕೂರಿನಿಂದ ಹೋದ ತೆಂಗಿನ ನಾರಿಗೆ ಅಂಟಿದ್ದ ಮರಳಿನಲ್ಲಿ. ನಮ್ಮ ಉಳ್ಳಾಲದ ಕಡಲದಂಡೆಯಲ್ಲೂ ಅಲ್ಲಲ್ಲಿ ಮೊನಜೈಟ್ ಇದೆ.

“0.462×35 + 0.604×30 + 0.0417×400 = ಗಂಟೆಗೆ 51 ನ್ಯಾನೋಗ್ರೇ; ವರ್ಷಕ್ಕೆ 0.06 ಮಿಲಿಸೀವರ್ಟ್.”

ಬೆಕೆರೆಲ್‌ಗಳನ್ನು ಆಯಾ ಗುಣಕದಿಂದ ಗುಣಿಸಿ ಕೂಡಿದ ಗಂಟೆಯ ಅಂಕಿ, ನೆಲದಿಂದ ಒಂದು ಮೀಟರ್ ಎತ್ತರದ ಗಾಳಿಗೆ ತಗಲುವ ವಿಕಿರಣ; ವರ್ಷದ ಅಂಕಿ ಮನುಷ್ಯನಿಗೆ ತಗಲುವುದು. ಮೂರೂ ಪಾಲು ಬಿಡಿಸಿದರೆ 16, 18, 17. ಆ 400 ಎಷ್ಟಕ್ಕೆ ಇಳಿಯಿತು ನೋಡಿ. ವರ್ಷದ ಲೆಕ್ಕದಲ್ಲಿ ಒಂದು ಊಹೆ ಅಡಗಿದೆ: ಮನುಷ್ಯ ಹೊರಗಿರುವುದು ದಿನದ ಐದರಲ್ಲೊಂದು ಪಾಲು. ಬೆಳಗಿನಿಂದ ಸಂಜೆಯವರೆಗೆ ಮರಳ ಮೇಲೆ ಬಲೆ ಹೆಣೆಯುವವರಿಗೆ ಇದು ಹೊಂದುವುದಿಲ್ಲ. ಅಂಥವರಿಗೆ ಬೇರೆ ಲೆಕ್ಕ ಮಾಡಲೇಬೇಕು.

“ರೇಡಿಯಂ ಸಮಾನಾಂಕ 109, ಮಿತಿ 370. ಅಪಾಯವಿಲ್ಲ.”

ಸಮಾನಾಂಕವೆಂದರೆ ಮೂರನ್ನೂ ರೇಡಿಯಂ ಲೆಕ್ಕಕ್ಕೆ ತಂದು ಕೂಡಿದ ಅಂಕಿ. 370 ಎಂಬುದು ಮನೆ ಕಟ್ಟುವ ಸಾಮಗ್ರಿಗೆ ಹಾಕಿದ ಮಿತಿ. ಆ ಮಣ್ಣಿನ ಮೇಲೆ ಬದುಕುವವರ ಕಾಯಿಲೆಯ ಗೆರೆ ಅದಲ್ಲ. ಕಾಯಿಲೆಯ ಪ್ರಶ್ನೆಗೆ ಜನರನ್ನೇ ನೋಡಬೇಕು. ಚವರ ಸೇರಿದ ಕರುನಾಗಪ್ಪಳ್ಳಿ ತಾಲ್ಲೂಕಿನಲ್ಲಿ 69,958 ಮಂದಿಯನ್ನು ಸರಾಸರಿ ಹತ್ತೂವರೆ ವರ್ಷ ಗಮನಿಸಿದರು. 2009ರಲ್ಲಿ ಹೊರಬಂದ ಆ ಅಧ್ಯಯನದಲ್ಲಿ 1,379 ಕ್ಯಾನ್ಸರ್ ಪ್ರಕರಣಗಳಿದ್ದವು. ಹೊರಗಿನ ಗಾಮಾ ಹೆಚ್ಚಿದಂತೆ ಕ್ಯಾನ್ಸರ್ ಹೆಚ್ಚಿದ್ದು ಕಾಣಲಿಲ್ಲ.

ಆದರೆ ಅದು ಹೊರಗಿನ ಗಾಮಾದ ಮಾತು. ಸಹಜ ವಿಕಿರಣದಿಂದ ಮನುಷ್ಯನಿಗೆ ವರ್ಷಕ್ಕೆ ಸರಾಸರಿ 2.4 ಮಿಲಿಸೀವರ್ಟ್ ತಗಲುತ್ತದೆ. ಅದರಲ್ಲಿ ಅರ್ಧದಷ್ಟು ಉಸಿರಾಡುವ ರೇಡಾನ್‌ನದು. ಶ್ವಾಸಕೋಶದ ಕ್ಯಾನ್ಸರ್‌ಗೆ ಸಿಗರೇಟಿನ ನಂತರದ ಮುಖ್ಯ ಕಾರಣಗಳಲ್ಲಿ ಅದೂ ಒಂದು, ಸೇದುವವರಿಗಂತೂ ಇನ್ನೂ ಹೆಚ್ಚಿನ ಕೇಡು. ಡಬ್ಬಿಯಲ್ಲಿ ತಿಂಗಳು ಕೂಡಿಹಾಕಿದ್ದ ಅದೇ ಅನಿಲ, ಕಿಟಕಿ ಮುಚ್ಚಿದ ಕೋಣೆಯಲ್ಲೂ ಕೂಡಿಕೊಳ್ಳುತ್ತದೆ. ಈ ವರದಿಯಲ್ಲಿ ಆ ಕೋಣೆಗೆ ಸಾಲೇ ಇಲ್ಲ.